ಹೈನ್‌ರಿಖ್ ಹರ್ಟ್ಸ್

ವಿಜ್ಞಾನಿಗಳಲ್ಲಿ ನನಗೆ ಅತ್ಯಂತ ಪ್ರಿಯನಾದವನು ಹೈನ್‌ರಿಖ್ ಹರ್ಟ್ಸ್. 1857ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಜನಿಸಿದ ಇವನು 1885ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕನಾದನು. ಮ್ಯಾಕ್ಸ್‌ವೆಲ್ಲನು ಗಣಿತದಿಂದ ಊಹಿಸಿದ್ದ ವಿದ್ಯುತ್ಕಾಂತ ಅಲೆಗಳನ್ನು ಅಲ್ಲಿ ಕಿಡಿಗಳ ಮೂಲಕ ಪ್ರತ್ಯಕ್ಷವಾಗಿ ತೋರಿಸಿದನು.

1888ರ ಅವನ ಒಂದು ಪ್ರಯೋಗ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಅಲೆ ಕಳುಹಿಸುವ ಸರಳು ನೆಟ್ಟಗಿರುವಾಗ ಪಡೆಯುವ ಸರಳೂ ನೆಟ್ಟಗಿದ್ದರೆ ಕಿಡಿ ಹಾರುತ್ತಿತ್ತು. ಅದನ್ನು ಅಡ್ಡಲಾಗಿ ತಿರುಗಿಸಿದರೆ ಕಿಡಿಯೇ ಇಲ್ಲ! ಅಲೆಯ ಕಂಪನಕ್ಕೂ ಒಂದು ದಿಕ್ಕುಂಟೆಂಬ ಈ ತತ್ವವೇ ಧ್ರುವೀಕರಣ.

1936ರಲ್ಲಿ ಲಂಡನ್ನಿನಿಂದ ಟೆಲಿವಿಷನ್ ಪ್ರಸಾರ ಲಂಬವಾಗಿ ಹೊರಟಾಗ ಮನೆಗಳ ಮೇಲಿನ ಏರಿಯಲ್ಲುಗಳೂ ನೆಟ್ಟಗೆ ನಿಂತವು. ಅಮೆರಿಕದಲ್ಲಿ ಅಲೆಯೂ ಅಡ್ಡ, ಏರಿಯಲ್ಲೂ ಅಡ್ಡ. ದಿಕ್ಕು ತಪ್ಪಿದರೆ ಚಿತ್ರ ಮಸುಕು.

ಇದಾವುದನ್ನೂ ಹರ್ಟ್ಸ್ ಕಾಣಲಿಲ್ಲ; ಕೇವಲ 36 ವರ್ಷ ಬದುಕಿ, 1894ರ ಜನವರಿ 1ರಂದು ಬಾನ್ ನಗರದಲ್ಲಿ ತೀರಿಕೊಂಡನು. ಫಲವನ್ನೆಣಿಸದೆ ಸತ್ಯವನ್ನರಸಿದ ಈ ಅಲ್ಪಾಯುವಿಗೆ ನಾವು ಋಣಿಗಳು.