ಸಾಲ ತೀರಿಸಿದ ವಕೀಲ ಲಿಂಕನ್

ಗುಲಾಮರ ಬಿಡುಗಡೆ ಸಾರಿದ ಅಮೇರಿಕೆಯ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಹೆಸರನ್ನು ನಮ್ಮ ಭಕ್ತ ಬಂಧುಗಳು ಶಾಲೆಯಲ್ಲೇ ಕೇಳಿದವರು. ಅದಕ್ಕೂ ಮುಂಚೆ ಅವರು ನಷ್ಟಕ್ಕೆ ಸಿಕ್ಕ ಅಂಗಡಿಕಾರ, ಹೊಲ ಅಳೆಯುವ ಮೋಜಣಿದಾರ, ಊರೂರು ತಿರುಗಿದ ವಕೀಲ. ಒಕ್ಕಲುತನ, ವ್ಯಾಪಾರ ಮಾಡುವ ನಮ್ಮವರಿಗೆ ಆ ಭಾಗವೇ ಹೆಚ್ಚು ಹತ್ತಿರದ್ದೆಂದು ನಮ್ಮ ಭಾವನೆ.

1809ರ ಫೆಬ್ರವರಿ 12ರಂದು ಕೆಂಟಕಿಯಲ್ಲಿ, ಮರದ ದಿಮ್ಮಿಗಳ ಗುಡಿಸಲಿನಲ್ಲಿ ಅವರ ಜನನ. ಅಲ್ಲಿ ಹೊಲದ ಅಳತೆಗೂ ಕಾಗದಪತ್ರಕ್ಕೂ ತಾಳೆಯಿರಲಿಲ್ಲ. ಹಣ ಕೊಟ್ಟು ಕೊಂಡ ಭೂಮಿ ತಕರಾರಿಗೆ ಬಿದ್ದು, 1816ರಲ್ಲಿ ತಂದೆ ಥಾಮಸ್ ಸಂಸಾರ ಸಮೇತ ಇಂಡಿಯಾನಾದ ಕಾಡಿಗೆ ಹೋದರು. 1818ರಲ್ಲಿ ತಾಯಿ ತೀರಿದರು. ಶಾಲೆಯ ಓದು ಎಲ್ಲ ಕೂಡಿಸಿದರೂ ಒಂದು ವರ್ಷವಾಗದು.

ಮುಂದೆ ಇಲಿನಾಯ್ ಪ್ರಾಂತದ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಬೆರಿ ಎಂಬವರ ಪಾಲುದಾರಿಕೆಯಲ್ಲಿ ಅಂಗಡಿ ಹಾಕಿದರು. ನಗದು ಕಡಿಮೆ, ಸಾಲದ ಚೀಟಿಯೇ ಬಂಡವಾಳ. ಅಂಗಡಿ ಮುಳುಗಿತು. ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಅವರ ಕುದುರೆ, ಜೀನು, ಮೋಜಣಿ ಸಾಮಾನುಗಳನ್ನು ಲಿಲಾವು ಮಾಡಿಸಿದರು. ಗೆಳೆಯರೊಬ್ಬರು ಅವನ್ನು ತಾವೇ ಕೊಂಡು ಅವರಿಗೇ ತಿರುಗಿ ಕೊಟ್ಟರು. 1835ರಲ್ಲಿ ಬೆರಿ ತೀರಿಕೊಂಡಾಗ ಅವರ ಪಾಲಿನದೂ ಸೇರಿ ಸುಮಾರು 1,100 ಡಾಲರ್ ಸಾಲ ಲಿಂಕನ್ ತಲೆಯ ಮೇಲೆ ಬಿತ್ತು. ಆ ಸೀಮೆಯಲ್ಲಿ ಸಾಲಗಾರರು ರಾತ್ರೋರಾತ್ರಿ ಊರು ಬಿಡುವುದು ಹೊಸದಲ್ಲ. ಇವರು ಬಿಡಲಿಲ್ಲ. ಅಂಚೆ ಕೆಲಸ, ಮೋಜಣಿ, ಆಮೇಲೆ ವಕೀಲಿ, ಹೀಗೆ ದುಡಿದು ಹಲವು ವರ್ಷಗಳಲ್ಲಿ ಸತ್ತವರ ಪಾಲನ್ನೂ ಸೇರಿಸಿ ತೀರಿಸಿದರು.

1834ರಲ್ಲಿ ಪ್ರಾಂತದ ಶಾಸನಸಭೆಗೆ ಆರಿಸಿ ಬಂದರು. ಪುಸ್ತಕ ಕಡ ತಂದು ಸ್ವಂತ ಓದಿ 1836ರಲ್ಲಿ ವಕೀಲಿ ಸನದು ಪಡೆದು, ಮರುವರ್ಷ ಸ್ಪ್ರಿಂಗ್‌ಫೀಲ್ಡಿಗೆ ಬಂದು ನೆಲೆಸಿದರು. ಆಗ ನ್ಯಾಯಾಧೀಶರೂ ವಕೀಲರೂ ಕೂಡಿ ಜಿಲ್ಲೆಯಿಂದ ಜಿಲ್ಲೆಗೆ ತಿರುಗಿ ಕೋರ್ಟು ನಡೆಸುತ್ತಿದ್ದರು. ತಂಗಿದಲ್ಲಿ ಒಂದೇ ಹಾಸಿಗೆಗೆ ಇಬ್ಬರು. ಬರುತ್ತಿದ್ದ ವ್ಯಾಜ್ಯಗಳಲ್ಲಿ ಸಾಲದವೇ ಬಹಳ. ಕಕ್ಷಿದಾರರನ್ನು ರಾಜಿಗೆ ಒಪ್ಪಿಸುವುದು ವಕೀಲನ ಧರ್ಮವೆಂದು ಅವರು ಬಗೆದಿದ್ದರು.

ಎಲ್ಲವೂ ಮೆಚ್ಚತಕ್ಕದ್ದೇ ಎಂದು ನಾವು ಹೇಳಲಾರೆವು. 1847ರಲ್ಲಿ ಕೆಂಟಕಿಯ ಜಮೀನುದಾರನೊಬ್ಬನ ವಕೀಲರಾಗಿ, ಗುಲಾಮ ತಾಯಿ ಮತ್ತು ಆಕೆಯ ನಾಲ್ವರು ಮಕ್ಕಳನ್ನು ಅವನಿಗೆ ಮರಳಿ ಕೊಡಿಸಬೇಕೆಂದು ವಾದಿಸಿದರು. ಕೋರ್ಟು ಅವರೆಲ್ಲ ಸ್ವತಂತ್ರರೆಂದು ತೀರ್ಪಿತ್ತಿತು. ಲಿಂಕನ್ ಸೋತದ್ದೇ ಒಳ್ಳೆಯದಾಯಿತು.

1858ರ ಮೊಕದ್ದಮೆ ಬೇರೆ ತರಹದ್ದು. ನ್ಯೂ ಸೇಲಂನ ಕಷ್ಟದ ದಿನಗಳಲ್ಲಿ ಅನ್ನ ಹಾಕಿದ ಹನ್ನಾ ಆರ್ಮ್‌ಸ್ಟ್ರಾಂಗ್ ಎಂಬ ತಾಯಿ ಈಗ ವಿಧವೆ. ಅವರ ಮಗನ ಮೇಲೆ ಕೊಲೆ ಆರೋಪ. ರಾತ್ರಿ ಹನ್ನೊಂದರ ಸುಮಾರಿಗೆ ಬೆಳದಿಂಗಳಲ್ಲಿ ಕಣ್ಣಾರೆ ಕಂಡೆನೆಂದು ಸಾಕ್ಷಿದಾರನ ಮಾತು. ಲಿಂಕನ್ ಪಂಚಾಂಗ ತರಿಸಿ, ಆ ಹೊತ್ತಿಗೆ ಚಂದ್ರ ಮುಳುಗುವ ಹಂತದಲ್ಲಿದ್ದನೆಂದು ತೋರಿಸಿದರು. ಹುಡುಗ ಬಿಡುಗಡೆಯಾದ. ಆ ತಾಯಿಯಿಂದ ಒಂದು ಕಾಸು ಮುಟ್ಟಲಿಲ್ಲ.

1861ರಲ್ಲಿ ಅಧ್ಯಕ್ಷರಾಗಿ ಹೊರಟಾಗ, ಕಚೇರಿಯ ಹೆಸರಿನ ಹಲಗೆ ಹಾಗೇ ಇರಲಿ, ತಿರುಗಿ ಬಂದು ವಕೀಲಿ ಮಾಡೋಣ ಎಂಬರ್ಥದಲ್ಲಿ ಜೊತೆಗಾರ ಹರ್ಂಡನ್‌ಗೆ ಹೇಳಿದ್ದರಂತೆ. 1863ರ ಜನವರಿ 1ರಂದು ಬಿಡುಗಡೆಯ ಘೋಷಣೆ ಹೊರಡಿಸಿದರು. 1865ರ ಏಪ್ರಿಲಿನಲ್ಲಿ ಗುಂಡಿಗೆ ಬಲಿಯಾದರು. ಮೇ 4ರಂದು ಸ್ಪ್ರಿಂಗ್‌ಫೀಲ್ಡಿನಲ್ಲೇ ಅವರ ಅಂತ್ಯಕ್ರಿಯೆ ನಡೆಯಿತು.