ಶಾಂತಾ ಹುಬ್ಳೀಕರ್

ಶಾಂತಾ ಹುಬ್ಳೀಕರ್ (೧೯೧೪–೧೯೯೨) ಮರಾಠಿ, ಹಿಂದಿ ಹಾಗೂ ಕನ್ನಡ ಚಿತ್ರಗಳ ಗಾಯಕ ನಟಿ. ಹುಬ್ಬಳ್ಳಿ ಸಮೀಪದ ಅದರಗುಂಚಿಯಲ್ಲಿ ಜನಿಸಿದರು. ಮೂಲ ಹೆಸರು ರಾಜಮ್ಮ. ವಿ. ಶಾಂತಾರಾಮ್ ಪ್ರಭಾತ್ ಸಂಸ್ಥೆಗಾಗಿ ನಿರ್ದೇಶಿಸಿದ ಸಾಮಾಜಿಕ ಚಿತ್ರ 'ಮಾಣೂಸ್' (೧೯೩೯) ಮತ್ತು ಅದರ ಹಿಂದಿ ರೂಪ 'ಆದ್ಮಿ' ಇವರಿಗೆ ಖ್ಯಾತಿ ತಂದವು. ಇವರದು ವೇಶ್ಯೆಯ ಪಾತ್ರ. ಪೊಲೀಸ್ ಪೇದೆಯಾಗಿ ಶಾಹು ಮೋಡಕ್ ನಟಿಸಿದ್ದರು. ಪೇದೆಯ ಪ್ರೀತಿ ಅವಳಲ್ಲಿ ಗೃಹಿಣಿಯಾಗುವ ಆಸೆ ಹುಟ್ಟಿಸಿದರೂ ಆ ಗೌರವಕ್ಕೆ ತಾನು ಅರ್ಹಳಲ್ಲವೆಂಬ ಅಳುಕು ಬಿಡುವುದಿಲ್ಲ. ಕೊನೆಗೆ ಕೊಲೆಯ ಅಪರಾಧಕ್ಕೆ ಸೆರೆಮನೆ ಸೇರುತ್ತಾಳೆ. ಈ ಅಳುಕನ್ನು ಕಣ್ಣೀರಿಗಿಂತ ಹೆಚ್ಚಾಗಿ ತುಂಟ ನಗುವಿನ ಮರೆಯಲ್ಲಿ ತೋರಿದ್ದು ಇವರ ಅಭಿನಯದ ಹೆಚ್ಚುಗಾರಿಕೆ. ೧೯೪೨ರಲ್ಲಿ ಗುಬ್ಬಿ ವೀರಣ್ಣನವರೊಡನೆ 'ಜೀವನ ನಾಟಕ' ಎಂಬ ಕನ್ನಡ ಚಿತ್ರದಲ್ಲಿ ನಟಿಸಿದರು. ಹುಬ್ಬಳ್ಳಿಯ ಹೆಸರು ಹೊತ್ತ ಈ ಕನ್ನಡತಿಯ ಆತ್ಮಕಥೆ ಮರಾಠಿಯಲ್ಲಿದೆ. ೧೯೯೦ರಲ್ಲಿ ಪ್ರಕಟವಾದ ಅದಕ್ಕೆ 'ಮಾಣೂಸ್' ಚಿತ್ರದ ತಮ್ಮ ಜನಪ್ರಿಯ ಹಾಡಿನ ಹೆಸರನ್ನೇ ಇಟ್ಟರು.