ಪಂಡಿತಾ ರಮಾಬಾಯಿ

ರಾಂಜಣಗಾಂವದಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಇದೇ ಪುಣೆ ಜಿಲ್ಲೆಯ ಕೇಡಗಾಂವದ ಮುಕ್ತಿಸದನವು ಪರಕೀಯವಲ್ಲ. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು 1858ರಲ್ಲಿ ಸಹ್ಯಾದ್ರಿಯ ಗಂಗಾಮೂಲದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿಗಳು ಕಾರ್ಕಳ ಸೀಮೆಯ ಮಾಳದವರು; ಲೋಕನಿಂದೆಗೆ ಅಂಜದೆ ಮಡದಿಗೆ ಸಂಸ್ಕೃತ ಕಲಿಸಿದವರು. ಕ್ಷಾಮವು ರಮಾಬಾಯಿಯವರನ್ನು ತಬ್ಬಲಿಯಾಗಿಸಿತು.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತ ಸ್ವೀಕರಿಸಿದ ಅವರು, 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದು ಮರುವರ್ಷ ಪುಣೆಗೆ ತಂದರು. ಮತಾಂತರದ ಶಂಕೆಯಿಂದ 1893ರಲ್ಲಿ ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಅವರು ಎದೆಗುಂದಲಿಲ್ಲ. 1896-97ರ ಬರದಲ್ಲಿ ನೂರಾರು ಅನಾಥೆಯರಿಗೆ ಕೇಡಗಾಂವದಲ್ಲಿ ಆಶ್ರಯವಿತ್ತರು. ಅಲ್ಲಿ ಅಕ್ಷರದೊಡನೆ ನೇಯ್ಗೆ, ಅಚ್ಚುಕೆಲಸಗಳನ್ನೂ, ಪ್ರಾರ್ಥನೆಯೊಡನೆ ಪರಸ್ಪರ ಸೇವೆಯನ್ನೂ ಕಲಿಸಲಾಯಿತು. 1922ರಲ್ಲಿ ಅವರು ತೀರಿಕೊಂಡರು.

ಮತದ ಮಾತಿನಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿದ್ದೀತು. ಆದರೆ ಓದು, ದುಡಿಮೆ, ದಯೆ ಮೂರೂ ಕೂಡಿದ ಆ ಪಾಠ ನಮ್ಮ ಮಕ್ಕಳಿಗೂ ಸಲ್ಲಲಿ.